ಕುದುರೆಮುಖದ ಖಾಲಿ ಮನೆಗಳು

ಹತ್ತನೆಯ ತರಗತಿಯಲ್ಲಿ ಲೋಹಗಳ ಪಾಠ ಬಂದಾಗ ಅದಿರು, ಸಾರವರ್ಧನೆ, ಕಾಂತೀಯ ಪ್ರತ್ಯೇಕೀಕರಣ ಎಂಬ ಮಾತುಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಚಿತ್ರವನ್ನೂ ಬರೆದು ಅಂಕ ಗಳಿಸುತ್ತಾರೆ. ಚಿತ್ರದಲ್ಲಿ ಒಂದು ಗುಡ್ಡೆಗೆ ‘ಅದಿರು’ ಎಂದೂ ಇನ್ನೊಂದು ಗುಡ್ಡೆಗೆ ‘ಕಲ್ಮಶ’ ಎಂದೂ ಹೆಸರು ಬರೆದರೆ ಮುಗಿಯಿತು. ಆ ಕಲ್ಮಶ ಆಮೇಲೆ ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ. ಉತ್ತರವನ್ನು ಕಣ್ಣಾರೆ ನೋಡಬೇಕಾದರೆ ಕುದುರೆಮುಖಕ್ಕೆ ಹೋಗಬೇಕು. ಕಳೆದ ದಸರಾ ರಜೆಯಲ್ಲಿ ಮಗನ ಕಾರಿನಲ್ಲಿ ಹೋಗಿ ಬಂದೆ.

ದೊಡ್ಡಬಳ್ಳಾಪುರದಿಂದ ನೆಲಮಂಗಲ, ಕುಣಿಗಲ್, ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದವರೆಗೆ ಹೇಳುವಂಥದ್ದೇನಿಲ್ಲ. ಎಲ್ಲರೂ ಓಡಾಡುವ ದಾರಿ. ಕೊಟ್ಟಿಗೆಹಾರದಲ್ಲಿ ಕಳಸದ ಕಡೆಗೆ ತಿರುಗಿದ ಮೇಲೆ ರಸ್ತೆ ಕಿರಿದಾಗುತ್ತದೆ. ಒಂದು ಪಕ್ಕ ಕಾಫಿ ತೋಟದ ಬೇಲಿ, ಇನ್ನೊಂದು ಪಕ್ಕ ಕಣಿವೆ. ತಿರುವಿನಲ್ಲಿ ಬಸ್ಸು ಎದುರಾದರೆ ಯಾರಾದರೊಬ್ಬರು ಹಿಂದಕ್ಕೆ ಸರಿಯಲೇಬೇಕು, ಆ ಸರದಿ ಸಾಮಾನ್ಯವಾಗಿ ಕಾರಿನದೇ. ಕಳಸದಿಂದ ಮುಂದೆ ಸುಮಾರು 20 ಕಿಲೋಮೀಟರ್. ಸಂಸೆಯ ಚಹಾ ತೋಟ ಕಳೆದರೆ ಕಾಡು ಹತ್ತಿರ ಬರುತ್ತದೆ, ರಸ್ತೆ ಬದಿಯ ತಡೆಗೋಡೆಯ ಮೇಲೂ ಪಾಚಿ. ಸುತ್ತಣ ಗುಡ್ಡಗಳ ನೆತ್ತಿಯಲ್ಲಿ ಮರವಿಲ್ಲ, ಬರೀ ಹುಲ್ಲು. ಗುಡ್ಡಗಳ ಮಡಿಲಿನಲ್ಲಿ ಮಾತ್ರ ದಟ್ಟ ಶೋಲಾ ಕಾಡು. ನಮ್ಮ ಕಡೆ ವರ್ಷವಿಡೀ ಬೀಳುವ ಮಳೆ 800 ಮಿಲಿಮೀಟರ್ ಆಸುಪಾಸು. ಇಲ್ಲಿ ಅದರ ಏಳೆಂಟು ಪಟ್ಟು ಬೀಳುತ್ತದೆ. ಈ ಒಂದು ಅಂಕಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಇದ್ದಕ್ಕಿದ್ದಂತೆ ಊರು ಬರುತ್ತದೆ. ಹಳ್ಳಿಯಲ್ಲ, ನಕ್ಷೆ ಹಾಕಿ ಕಟ್ಟಿದ ಪಟ್ಟಣ. ನೇರ ಬೀದಿಗಳು, ಸಾಲು ಸಾಲು ಮನೆಗಳು, ಶಾಲೆ, ಆಸ್ಪತ್ರೆ, ಆಟದ ಬಯಲು. ಇದರ ಹೆಸರು ಮಲ್ಲೇಶ್ವರ. ಬಹಳಷ್ಟು ಮನೆಗಳಲ್ಲಿ ಈಗ ಯಾರೂ ಇಲ್ಲ. ಕಿಟಕಿಯ ಗಾಜು ಒಡೆದಿದೆ, ಹೆಂಚಿನ ಸಂದಿಯಲ್ಲಿ ಗಿಡ ಹುಟ್ಟಿದೆ. ನಮ್ಮೂರಿನವರಿಗೆ ಹೇಳಬೇಕೆಂದರೆ, ಒಂದು ಬೀದಿಯ ಎಲ್ಲ ಮಗ್ಗಗಳೂ ಒಟ್ಟಿಗೆ ನಿಂತ ಹಾಗೆ. ಮಗ್ಗದ ಸದ್ದಿನಲ್ಲೇ ನಿದ್ದೆ ಮಾಡಿ ಅಭ್ಯಾಸವಾದವರಿಗೆ ಆ ಮೌನ ಏನೆಂದು ಗೊತ್ತು. ಹಾಗೆಂದು ಪೂರ್ತಿ ನಿರ್ಜನವಲ್ಲ. ಕೆಲವು ಮನೆಗಳ ಮುಂದೆ ಬಟ್ಟೆ ಒಣಹಾಕಿತ್ತು.

ಇಲ್ಲಿ ಕಬ್ಬಿಣವಿದೆಯೆಂದು 1913ರಲ್ಲಿ ಗುರುತಿಸಿದವರು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್. ಆದರೆ ಗಣಿಗಾರಿಕೆಗೆ ಆರು ದಶಕ ಕಾಯಬೇಕಾಯಿತು. 1975ರಲ್ಲಿ ಇರಾನಿನ ಷಾ ಸರ್ಕಾರ ಹಣ ಕೊಟ್ಟು ಅದಿರು ಕೊಳ್ಳುವ ಒಪ್ಪಂದವಾಗಿ, 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪೆನಿ ಹುಟ್ಟಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟ. 1980ರಲ್ಲಿ ಕಾರ್ಖಾನೆ ಸಿದ್ಧವಾದಾಗ ಕೊಳ್ಳಬೇಕಾಗಿದ್ದ ಗಿರಾಕಿಯೇ ಇರಲಿಲ್ಲ! ಕಂಪೆನಿ ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಹುಡುಕಿಕೊಂಡಿತು.

ಈಗ ಪಾಠಕ್ಕೆ ಬರೋಣ. ಸಂಡೂರಿನ ಹೆಮಟೈಟ್ ಅದಿರಿನಲ್ಲಿ ಕಬ್ಬಿಣದ ಪಾಲು 60ಕ್ಕೂ ಹೆಚ್ಚು. ಒಡೆದು ಲಾರಿಗೆ ತುಂಬಿದರಾಯಿತು. ಕುದುರೆಮುಖದ್ದು ಮ್ಯಾಗ್ನೆಟೈಟ್. ಶುದ್ಧ ಮ್ಯಾಗ್ನೆಟೈಟಿನಲ್ಲಿ ಶೇಕಡ 72ರಷ್ಟು ಕಬ್ಬಿಣವಿರುತ್ತದೆ. ಆದರೆ ಇಲ್ಲಿ ಅದು ಬೆಣಚುಕಲ್ಲಿನೊಂದಿಗೆ ಬೆರೆತುಹೋಗಿ, ಬಂಡೆಯಲ್ಲಿರುವ ಕಬ್ಬಿಣ ಶೇಕಡ 38ರ ಸುಮಾರು ಮಾತ್ರ. ಹಾಗಾಗಿ ಬಂಡೆಯನ್ನು ಹಿಟ್ಟಿನಂತೆ ಅರೆದು, ನೀರಿನಲ್ಲಿ ಕಲಸಿ, ಕಾಂತದ ಉರುಳೆಗಳ ಮೇಲೆ ಹಾಯಿಸುತ್ತಿದ್ದರು. ನೀವು ಕಾಗದ ಸುತ್ತಿದ ಅಯಸ್ಕಾಂತವನ್ನು ಮರಳಿನಲ್ಲಿ ಆಡಿಸಿ ಕಪ್ಪು ಪುಡಿ ತೆಗೆಯುತ್ತೀರಲ್ಲ, ಅದೇ ಕೆಲಸ, ಗುಡ್ಡದ ಗಾತ್ರದಲ್ಲಿ. ಹೀಗೆ ಸಿಕ್ಕ ಶೇಕಡ 67ರ ಪುಡಿ ರಾಡಿಯ ರೂಪದಲ್ಲಿ 67 ಕಿಲೋಮೀಟರ್ ಕೊಳವೆಯೊಳಗೆ ಗುರುತ್ವಬಲದಿಂದಲೇ ಘಟ್ಟವಿಳಿದು ಮಂಗಳೂರಿನ ಬಂದರು ಸೇರುತ್ತಿತ್ತು. ಲಾರಿ ಬೇಡ, ರೈಲು ಬೇಡ. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಮೆಚ್ಚಬೇಕಾದ ಕೆಲಸವೇ.

ಲೆಕ್ಕ ಹಾಕಿ. 100 ಕಿಲೋ ಬಂಡೆಯಲ್ಲಿ 38 ಕಿಲೋ ಕಬ್ಬಿಣ. ಅಷ್ಟನ್ನೂ ಚೂರೂ ಬಿಡದೆ ಹಿಡಿದರೂ ಶೇಕಡ 67ರ ಪುಡಿ ಸುಮಾರು 57 ಕಿಲೋ ಆಯಿತು. ಉಳಿದ 43 ಕಿಲೋ ಕಲ್ಮಶ. ವಾಸ್ತವದಲ್ಲಿ ಕಾಂತಕ್ಕೆ ಅಂಟದ ಕಬ್ಬಿಣವೂ ಕಲ್ಮಶದೊಂದಿಗೇ ಹೋಗುತ್ತದೆ, ಆದ್ದರಿಂದ ಕಲ್ಮಶ ಇನ್ನೂ ಹೆಚ್ಚು. ಕಾಲು ಶತಮಾನ ಹಗಲೂ ರಾತ್ರಿ ನಡೆದ ಈ ಕೆಲಸದ ಕಲ್ಮಶವನ್ನು ಲಕ್ಯಾ ಹೊಳೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆಯ ಹಿಂದೆ ತುಂಬಿದರು. ಕಟ್ಟೆಯ ಎತ್ತರ ಸುಮಾರು 100 ಮೀಟರ್. ನಮ್ಮ ಕನ್ನಂಬಾಡಿ ಕಟ್ಟೆಯ ಎರಡರಷ್ಟಕ್ಕೂ ಮಿಗಿಲು! ಆದರೆ ಹಿಂದೆ ನಿಂತಿರುವುದು ನೀರಿಗಿಂತ ಹೆಚ್ಚಾಗಿ ಹೂಳು. ನೀರಿನ ಕಟ್ಟೆಗೆ ವಯಸ್ಸಾದರೆ ತೂಬು ತೆಗೆದು ಖಾಲಿ ಮಾಡಬಹುದು, ಹೂಳಿನ ಕಟ್ಟೆಯನ್ನು ಹಾಗೆ ಖಾಲಿ ಮಾಡಲಾಗದು. ಗಣಿ ಮುಚ್ಚಿದ ಮೇಲೂ ಅದನ್ನು ನೋಡಿಕೊಳ್ಳುತ್ತಲೇ ಇರಬೇಕು. ಬ್ರೆಜಿಲಿನ ಬ್ರುಮಾಡಿನ್ಯೋದಲ್ಲಿ 2019ರ ಜನವರಿ 25ರಂದು ಕಬ್ಬಿಣದ ಗಣಿಯ ಹೂಳಿನ ಕಟ್ಟೆಯೊಂದು ಕುಸಿದು 270 ಜನ ಸತ್ತರು. ಆ ಕಟ್ಟೆಗೆ ಹೂಳು ತುಂಬುವುದನ್ನು ನಿಲ್ಲಿಸಿ ಆಗಲೇ ಎರಡು ವರ್ಷದ ಮೇಲಾಗಿತ್ತು. ಅದನ್ನು ಹೂಳಿನ ಮೇಲೆಯೇ ಹಂತಹಂತವಾಗಿ ಏರಿಸಿದ್ದರು. ಎಲ್ಲ ಕಟ್ಟೆಗಳೂ ಅಂಥವಲ್ಲ, ಹೆದರಿಸಲು ಈ ಮಾತು ಹೇಳುತ್ತಿಲ್ಲ. ಗಣಿ ಮುಚ್ಚಿದೆವು ಎಂದು ಬೀಗ ಹಾಕಿ ಹೊರಡುವಂತಿಲ್ಲ ಎಂಬುದಕ್ಕೆ ಹೇಳಿದೆ.

ಈ ಗುಡ್ಡಗಳಲ್ಲೇ ಗಂಗಾಮೂಲವಿದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಜಾಗ. ಗಣಿಯಲ್ಲಿ ಬಗೆದ ಮಣ್ಣು ಆ ಮಳೆಗೆ ಕೊಚ್ಚಿ ಭದ್ರೆಗೆ ಇಳಿಯುತ್ತಿತ್ತು. ಕೆಳಗೆ ಲಕ್ಕವಳ್ಳಿಯ ಜಲಾಶಯ, ಅದರ ನಾಲೆ ನಂಬಿದ ದಾವಣಗೆರೆ, ಶಿವಮೊಗ್ಗ ಸೀಮೆಯ ಗದ್ದೆಗಳು. ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು, ಸಿಂಗಳೀಕಗಳಿಗೆ ಅದೇ ಮನೆ. 30 ವರ್ಷದ ಗಣಿ ಗುತ್ತಿಗೆ 1999ರಲ್ಲಿ ಮುಗಿದಾಗ ವಿಸ್ತರಣೆ ಬೇಕೆ ಬೇಡವೆ ಎಂಬ ಹೋರಾಟ ಜೋರಾಯಿತು. ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು.

ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಕಳಸದ ಹೋಟೆಲಿನಲ್ಲಿ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಗಣಿಯಲ್ಲಿ ಡಂಪರ್ ಓಡಿಸಿದವರು. ನಾನು ಮೇಷ್ಟ್ರು ಎಂದು ತಿಳಿದ ಮೇಲೆ ಹೇಳಿದರು: “ನದಿ ಉಳೀತು ಸಾರ್, ಸಂತೋಷವೇ. ಮಗಳು ಆಗ ಒಂಬತ್ತನೇ ಕ್ಲಾಸು. ಎಸ್ಸೆಸ್ಸೆಲ್ಸಿಗೆ ಬೇರೆ ಊರು, ಬೇರೆ ಶಾಲೆ. ಜೊತೆಯಲ್ಲಿ ಓದಿದವರು ಒಬ್ಬೊಬ್ಬರು ಒಂದೊಂದು ಕಡೆ.” ತಂದೆತಾಯಿಯರಿಗೆ ಈ ಮಾತನ್ನು ವಿವರಿಸಿ ಹೇಳಬೇಕಿಲ್ಲ. ನದಿಗೆ ಸಿಕ್ಕ ನ್ಯಾಯದ ಖರ್ಚಿನಲ್ಲಿ ಒಂದು ಪಾಲನ್ನು ಆ ಹುಡುಗಿಯೂ ಕೊಟ್ಟಿದ್ದಾಳೆ, ಅದನ್ನು ಯಾರೂ ಲೆಕ್ಕಕ್ಕೆ ಬರೆದಿಲ್ಲ.

ಹೋಗುವುದಾದರೆ ಮಳೆಗಾಲ ಕಳೆದ ಮೇಲೆ ಹೋಗಿ. ಕಳಸದಲ್ಲೇ ಪೆಟ್ರೋಲು ನೋಡಿಕೊಳ್ಳಿ. ಕಾಡಿನಲ್ಲಿ ವಾಹನ ನಿಲ್ಲಿಸಬೇಡಿ, ಅಣೆಕಟ್ಟೆಯ ಕಡೆಗೆ ಅನುಮತಿಯಿಲ್ಲದೆ ನುಗ್ಗಬೇಡಿ. ಹೋಗಲಾಗದವರು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಗಾಜಿನ ಬಾಟಲಿಗೆ ಒಂದು ಹಿಡಿ ಕೆರೆಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಅಲುಗಿಸದೆ ಇಡಿ. ಮರಳು ನಿಮಿಷದೊಳಗೆ ತಳ ಸೇರುತ್ತದೆ. ನುಣ್ಣನೆಯ ಮಣ್ಣು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಂದು ಬರೆದಿಡಿ. ನಮ್ಮ ಶಾಲೆಯ ಪ್ರಯೋಗಾಲಯದ ಕಿಟಕಿಯಲ್ಲಿಟ್ಟ ಬಾಟಲಿಯ ನೀರು ಮೂರನೆಯ ದಿನವೂ ಚಹದ ಬಣ್ಣದಲ್ಲೇ ಇತ್ತು.