ನಲವತ್ತಾರರಲ್ಲಿ ನೀರಿಗಿಳಿದವರು

ಈಜನ್ನು ಬಾಲ್ಯದಲ್ಲಿಯೇ ಕಲಿಯಬೇಕೆಂಬುದು ನಮ್ಮ ಹಿರಿಯರ ಮತ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸಿದರೆ ಹುಡುಗ ಕೆಲವೇ ದಿನಗಳಲ್ಲಿ ಈಜುಗಾರನಾಗುತ್ತಿದ್ದ. ಆದರೆ ಆ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ. ನನ್ನ ಮಿತ್ರರೊಬ್ಬರ ಅಣ್ಣ ಹತ್ತು ವರ್ಷದವನಿರುವಾಗ ಊರ ಬಾವಿಯ ಪಾಲಾದ. ಅಂದಿನಿಂದ ಕಿರಿಯರಾದ ಇವರಿಗೆ ನೀರಿನ ಬಳಿ ಸುಳಿಯುವುದೂ ನಿಷಿದ್ಧವಾಯಿತು. ಬೆಂಗಳೂರಿನ ಈಜುಕೊಳವೊಂದಕ್ಕೆ ಅವರು ಮೊದಲ ಸಲ ಇಳಿದದ್ದು ತಮ್ಮ ನಲವತ್ತಾರನೆಯ ವಯಸ್ಸಿನಲ್ಲಿ. ಅದೂ ತಾಯಿಗೆ ತಿಳಿಸದೆ.

ಕೈಕಾಲು ಆಡಿಸುವುದೇ ಕಷ್ಟವೆಂದು ಅವರು ಎಣಿಸಿದ್ದರು. ನಿಜವಾಗಿ ಕಾಡಿದ್ದು ಉಸಿರು. ಭಯಗೊಂಡವನು ಉಸಿರನ್ನು ಬಿಗಿಹಿಡಿಯುತ್ತಾನೆ, ತಲೆಯನ್ನು ಮೇಲೆತ್ತುತ್ತಾನೆ. ತಲೆ ಏರಿದೊಡನೆ ಕಾಲು ಕೆಳಗಿಳಿಯುತ್ತದೆ. ಮುಖ ನೀರಿನಲ್ಲಿರುವಾಗಲೇ ಗಾಳಿಯನ್ನು ಮೆಲ್ಲನೆ ಹೊರಬಿಡಬೇಕು. ಮುಖವನ್ನು ಪಕ್ಕಕ್ಕೆ ಹೊರಳಿಸಿದಾಗ ಒಳಗೆಳೆದುಕೊಳ್ಳಬೇಕು. ಇಷ್ಟನ್ನು ಕಲಿಯಲು ಅವರಿಗೆ ಮೂರು ತಿಂಗಳು ಹಿಡಿಯಿತು. ಎಂಟು ವರ್ಷದ ಮಕ್ಕಳು ಮೀನಿನಂತೆ ಬಂದು, “ಅಂಕಲ್, ಸ್ವಲ್ಪ ದಾರಿ ಬಿಡಿ” ಎನ್ನುತ್ತಿದ್ದರಂತೆ!

ಕಲಿತದ್ದು ಸಾಲದೆ, ಸ್ಪರ್ಧೆಯ ಹಂಬಲವೇಕೆ ಎಂದು ನಾನು ಕೇಳಿದೆ. “ಹೆಸರು ಕೊಟ್ಟ ದಿನದಿಂದ ಒಂದು ಬೆಳಗನ್ನೂ ತಪ್ಪಿಸಲಿಲ್ಲ, ಸ್ವಾಮಿ. ಮನೆಯವರಿಗೆ ನೆಪ ಹೇಳಬಹುದು, ಗಡಿಯಾರಕ್ಕೆ ಹೇಳಲಾದೀತೆ?” ಎಂದರು.

ಇಂತಹವರಿಗೆಂದೇ ‘ಮಾಸ್ಟರ್ಸ್’ ಸ್ಪರ್ಧೆಗಳಿವೆ. ಇವುಗಳ ಮೊದಲ ವಿಶ್ವಕೂಟ 1986ರಲ್ಲಿ ಟೋಕಿಯೋದಲ್ಲಿ ಜರುಗಿತು. ಅಂತಾರಾಷ್ಟ್ರೀಯ ನಿಯಮದಂತೆ 25 ವರ್ಷದವರಿಂದ ಮೊದಲ್ಗೊಂಡು ಐದೈದು ವರ್ಷಗಳ ಗುಂಪುಗಳಿರುತ್ತವೆ. ಆದ್ದರಿಂದ ನಲವತ್ತಾರರವರು ಇಪ್ಪತ್ತರ ತರುಣನೊಡನೆ ಸೆಣಸಬೇಕಾಗಿಲ್ಲ. ಕಟ್ಟೆಯಿಂದ ಧುಮುಕಲು ಅಂಜುವವರು ನೀರಿನಲ್ಲಿಯೇ ಇದ್ದು, ಒಂದು ಕೈಯಿಂದ ಗೋಡೆಯನ್ನು ಹಿಡಿದು ಹೊರಡಬಹುದು. ವೈದ್ಯರ ಒಪ್ಪಿಗೆ ಪಡೆದು, ಶಿಕ್ಷಕರ ಕಣ್ಣೆದುರು ಅಭ್ಯಾಸ ಮಾಡುವುದು ಮಾತ್ರ ಅವಶ್ಯ.

ವಯಸ್ಕನ ಸಾಧನೆಗೆ ಹಿರಿದಾದ ನಿದರ್ಶನವೂ ನಮ್ಮಲ್ಲಿದೆ. ಇಂಗ್ಲೆಂಡಿಗೆ ಕಾನೂನು ಓದಲು ಹೋದ ಮಿಹಿರ್ ಸೇನರು ದೂರದ ಈಜಿಗೆ ಮನಸ್ಸು ಕೊಟ್ಟದ್ದು ಅಲ್ಲಿಗೆ ಹೋದ ಮೇಲೆಯೇ. ಸೋತು, ಮತ್ತೆ ಯತ್ನಿಸಿ, 1958ರಲ್ಲಿ ಅವರು ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಮೊದಲ ಭಾರತೀಯರಾದರು.

ನನ್ನ ಮಿತ್ರರ ಕಡಲು 50 ಮೀಟರಿನದು. ಸ್ಪರ್ಧೆಯ ಹಿಂದಿನ ರಾತ್ರಿ ಅವರು ತಾಯಿಗೆ ಎಲ್ಲವನ್ನೂ ಹೇಳಿದರು. ಆ ವೃದ್ಧೆ ಮಾತನಾಡಲಿಲ್ಲ. ಬೆಳಿಗ್ಗೆ ಮಾತ್ರ ಎಲ್ಲರಿಗಿಂತ ಮೊದಲು ಸಿದ್ಧರಾಗಿ ಬಾಗಿಲಲ್ಲಿ ನಿಂತಿದ್ದರು. ಮಿತ್ರರು ನೀರಿನಿಂದಲೇ ಹೊರಟರು, ಎಲ್ಲಿಯೂ ನಿಲ್ಲಲಿಲ್ಲ, ಎಲ್ಲರಿಗಿಂತ ಕೊನೆಯಲ್ಲಿ ಗೋಡೆ ಮುಟ್ಟಿದರು.

ಮೇಲೆ ಬಂದ ಮಗನ ತಲೆಯನ್ನು ತಾಯಿ ಸೆರಗಿನಿಂದ ಒರೆಸುತ್ತ, “ಅವನಿಗೂ ಇದನ್ನು ಕಲಿಸಬೇಕಾಗಿತ್ತು” ಎಂದಷ್ಟೇ ನುಡಿದರಂತೆ.

ಈಗ ಮೊಮ್ಮಗಳೂ ತಂದೆಯೊಡನೆ ಕೊಳಕ್ಕೆ ಹೋಗುತ್ತಿದ್ದಾಳೆ. ಬೆಳಿಗ್ಗೆ ಐದಕ್ಕೆ ಅವಳನ್ನು ಎಬ್ಬಿಸುವವರು ಅಜ್ಜಿ.