ಬಿಡುವಿನ ವೇಳೆ: ಗಾಜಿನ ತೊಟ್ಟಿಯಲ್ಲಿ ಅವಿಭಕ್ತ ಕುಟುಂಬ

ಎರ್ನಾಕುಳದ ಸೋದರಿಯೊಬ್ಬರು ಹೀಗೆ ಕೇಳಿದ್ದಾರೆ: "ಮನೆಯಲ್ಲಿ ಉಪ್ಪುನೀರಿನ ಮೀನುತೊಟ್ಟಿ ಇಡಬೇಕೆಂದು ಮಕ್ಕಳ ಹಟ. ಅಂಗಡಿಯಲ್ಲಿ ಬಣ್ಣಬಣ್ಣದ ಟ್ರಿಗರ್ ಮೀನುಗಳನ್ನು ನೋಡಿ ಬಂದಿದ್ದಾರೆ. ಜಾತಿಗೊಂದರಂತೆ ನಾಲ್ಕನ್ನು ಒಂದೇ ತೊಟ್ಟಿಯಲ್ಲಿ ಸಾಕಬಹುದೆ?"

ಸಾಕಬಹುದು. ಆದರೆ ಬಣ್ಣ ನೋಡಿ ಆರಿಸಬಾರದು, ಗುಣ ನೋಡಿ ಆರಿಸಬೇಕು. ಕೊಳ್ಳುವ ಮೊದಲು ಮೀನಿನ ಆಯುಸ್ಸನ್ನೂ ನಮ್ಮ ಯಜಮಾನರ ವರ್ಗಾವಣೆಯನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು.

ಈ ಮೀನು ನಮಗೆ ಪರಕೀಯವಲ್ಲ. ಮಂಗಳೂರು, ಮಲ್ಪೆ ಕಡೆಯ ವಾಚಕರು ಬಂದರಿನಲ್ಲಿ ರಾಶಿರಾಶಿಯಾಗಿ ಬಂದು ಬೀಳುವ 'ಕಾರ್ಗಿಲ್ ಮೀನ'ನ್ನು ಬಲ್ಲರು. ಅದರ ಬಹುಪಾಲು ಮೀನುಹುಡಿಯ ಕಾರ್ಖಾನೆಗೆ ಹೋಗುತ್ತದೆ. ಅಂಗಡಿಯ ಗಾಜಿನೊಳಗೆ ಬೆಲೆ ಕಟ್ಟಿಸಿಕೊಂಡು ಕುಳಿತಿರುವ ಕೆಂಪು ಹಲ್ಲಿನ ನೀಲಿ ಟ್ರಿಗರ್ ಅದೇ. ಶಾಸ್ತ್ರದ ಹೆಸರು ಓಡೊನಸ್ ನೈಗರ್. ಇಲ್ಲಿ ಕೇರಳದಲ್ಲಿ ಈ ವಂಶದವನ್ನು 'ಕ್ಲಾತಿ' ಎನ್ನುತ್ತಾರೆ. ದಪ್ಪ ಚರ್ಮ ಸುಲಿದು ಸಾರು ಮಾಡುವವರೂ ಉಂಟು. ಒಟ್ಟು ವಂಶದಲ್ಲಿ ಸುಮಾರು 40 ಜಾತಿಗಳಿವೆ.

ಹೆಸರಿನ ಗುಟ್ಟು ಬೆನ್ನಿನಲ್ಲಿದೆ. ಬೆನ್ನಿನ ಮೊದಲ ಮುಳ್ಳು ಬಲವಾದದ್ದು. ಅದನ್ನು ನಿಮಿರಿಸಿದಾಗ ಹಿಂದಿನ ಚಿಕ್ಕ ಮುಳ್ಳು ಅಗುಳಿಯಂತೆ ಬಿಗಿದುಕೊಳ್ಳುತ್ತದೆ. ಆ ಚಿಕ್ಕ ಮುಳ್ಳನ್ನು ಒತ್ತಿದರೆ, ಬಂದೂಕಿನ ಕುದುರೆ ಎಳೆದಂತೆ, ದೊಡ್ಡದು ಮಡಚುತ್ತದೆ. ರಾತ್ರಿ ಕಲ್ಲಿನ ಸಂದಿಗೆ ಹೊಕ್ಕು ಮುಳ್ಳು ನಿಮಿರಿಸಿ ಮಲಗಿತೆಂದರೆ ಯಾರಿಂದಲೂ ಎಳೆಯಲಾಗದು. ಆದುದರಿಂದ ಇದನ್ನು ಬಲೆಯಲ್ಲಿ ಹಿಡಿಯಬಾರದು. ಮುಳ್ಳು ಬಲೆಗೆ ಸಿಕ್ಕಿಕೊಂಡು ಗಾಯವಾಗುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ಸಹಿತ ಎತ್ತತಕ್ಕದ್ದು.

ಹಲ್ಲಂತೂ ಏಡಿ, ಕಪ್ಪೆಚಿಪ್ಪು, ಕಡಲಮುಳ್ಳಿಗಳನ್ನು ಒಡೆಯಲು ಹುಟ್ಟಿದ್ದು. ತೊಟ್ಟಿಯೊಳಗಿನ ವಿದ್ಯುತ್ ತಂತಿಯನ್ನೂ ತಿನ್ನಿಸುವ ಕೈಬೆರಳನ್ನೂ ಅದು ಬಿಡದು. ಇಂಥ ಆಯುಧವುಳ್ಳ ದಾಯಾದಿಗಳನ್ನು ಒಂದೇ ಮನೆಯಲ್ಲಿ ಇಡುವಾಗ ಸ್ವಭಾವ ತಿಳಿದಿರಬೇಕಾದದ್ದು ನ್ಯಾಯವೇ.

ಸ್ವಭಾವದಲ್ಲಿ ಮೂರು ತರಗತಿ ಮಾಡಬಹುದು. ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಹೆಚ್ಚಾಗಿ ತಿನ್ನುವವು ಸಾಧುಗಳು: ನೀಲಿಗಲ್ಲದ ಕ್ಸಾಂಥಿಕ್ತಿಸ್, ನಮ್ಮ ಕೆಂಪು ಹಲ್ಲಿನದು, ಕರಿಮೈಗೆ ಬಿಳಿಗೆರೆಯ ಮೆಲಿಕ್ತಿಸ್ ಇಂಡಿಕಸ್. ನಡುವಿನದು ಚಿತ್ರ ಬರೆದಂತಿರುವ 'ಪಿಕಾಸೊ' ಟ್ರಿಗರ್. ಚಿಕ್ಕದಿರುವಾಗ ಸುಮ್ಮನಿದ್ದು, ಬೆಳೆದಂತೆ ತನ್ನ ಮೂಲೆಗೆ ಯಾರನ್ನೂ ಬಿಡದು. ಮೂರನೆಯವು ರುದ್ರರು: ಹಸುರು ಮೈಗೆ ಕಿತ್ತಳೆ ಗೆರೆಯ ಬ್ಯಾಲಿಸ್ಟಪಸ್, ಮುಕ್ಕಾಲು ಮೀಟರು ಬೆಳೆಯುವ ಟೈಟನ್, ಮತ್ತು ಹೊಟ್ಟೆಯ ಮೇಲೆ ದೊಡ್ಡ ಬಿಳಿ ಬೊಟ್ಟುಗಳಿರುವ 'ಕ್ಲೌನ್' ಟ್ರಿಗರ್. ಮಕ್ಕಳ ಕಣ್ಣು ಮೊದಲು ಹೋಗುವುದು ಈ ಕೊನೆಯದರ ಮೇಲೆಯೇ. ಬೆರಳುದ್ದದ ಮರಿ ಎಷ್ಟು ಮುದ್ದೊ, ಅರ್ಧ ಮೀಟರಿಗೆ ಬೆಳೆದ ಮೇಲೆ ಅಷ್ಟೇ ನಿಷ್ಠುರ. ವರ್ಷಗಟ್ಟಲೆ ಜೊತೆಗಿದ್ದ ಮೀನನ್ನು ಒಂದು ರಾತ್ರಿಯಲ್ಲಿ ಮುಗಿಸಿದ್ದುಂಟು.

ಆದುದರಿಂದ ಕೂಡಿಡುವ ನಿಯಮಗಳು ಇವು. ಮೊದಲನೆಯ ತರಗತಿಯಿಂದಲೇ ಆರಿಸಿ. ಹೆಚ್ಚೆಂದರೆ ಒಂದು ಪಿಕಾಸೊ ಸೇರಿಸಿ. ಒಂದೇ ಜಾತಿಯ, ಒಂದೇ ರೂಪದ ಎರಡು ಬೇಡ. ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಯದು. ಎಲ್ಲವೂ ಮರಿಗಳಾಗಿದ್ದು, ಹೆಚ್ಚುಕಡಿಮೆ ಒಂದೇ ಅಳತೆಯವಾಗಿರಲಿ. ಸಾಧುವನ್ನು ಮೊದಲು ಬಿಡಿ, ಜೋರಿನದನ್ನು ಕಡೆಗೆ ಬಿಡಿ; ಮೊದಲು ಬಂದದ್ದು ಮನೆಯನ್ನೆಲ್ಲ ತನ್ನದೆಂದು ತಿಳಿಯುತ್ತದೆ. ಹೊಸದನ್ನು ಬಿಡುವ ದಿನ ಕಲ್ಲುಗಳ ಜಾಗ ಬದಲಾಯಿಸಿದರೆ ಹಳೆಯ ಗಡಿಗಳು ಮರೆಯುತ್ತವೆ. ಮೀನಿಗೊಂದರಂತೆ ಮಲಗುವ ಸಂದು, ಮೇಲೆ ಒಂದೆರಡು ಹೆಚ್ಚಿಗೆ ಇರಬೇಕು. ರೆಕ್ಕೆ ಹರಿದು, ತಿನ್ನದೆ ಮೂಲೆ ಹಿಡಿದ ಮೀನು ಕಂಡರೆ ಅದೇ ದಿನ ಬೇರೆ ಮಾಡಿ. 'ಹೊಂದಿಕೊಂಡಾವು' ಎಂದು ಕಾಯಬೇಡಿ.

ಇನ್ನು ಸ್ಥಳ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಷ್ಟೆ. ಇಂಥ ಮೂರು ಮೀನಿಗೆ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯಾದರೂ ಬೇಕು. ಅದು ಸುಮಾರು 680 ಲೀಟರು ಹಿಡಿಯುತ್ತದೆ. ಬರಿಯ ನೀರಿನ ತೂಕವೇ 700 ಕಿಲೋ. ಗಾಜು, ಕಲ್ಲು, ಮೇಜು ಸೇರಿದರೆ ಟನ್ನಿನ ಹತ್ತಿರ. ಬಾಡಿಗೆ ಮನೆಯ ಮೇಲ್ಮಾಳಿಗೆಯಲ್ಲಿ ಇಡುವವರು ಮನೆಯೊಡೆಯರನ್ನೂ ಇಂಜಿನಿಯರರನ್ನೂ ಕೇಳಿಯೇ ಇಡಬೇಕು.

ಕಡಲ ದಂಡೆಯಲ್ಲಿರುವವರಿಗೆ ನೀರಿಗೇನು ಬರ ಎಂದೀರಿ. ಕೊಚ್ಚಿಯ ಹಿನ್ನೀರಿಗೆ ಪೆರಿಯಾರ್ ಮೊದಲಾದ ನದಿಗಳು ಸೇರುತ್ತವೆ. ಮಳೆಗಾಲದಲ್ಲಿ ಮೇಲ್ನೀರು ಬಹುತೇಕ ಸಿಹಿಯಾಗುತ್ತದೆ, ಬಂದರಿನ ಕಲ್ಮಷ ಬೇರೆ. ತಿರುವನಂತಪುರದ ಬಳಿಯ ವಿಳಿಂಜದ ಕಡಲು ಬಂಡೆಗಳ ನಡುವೆ ಹೆಚ್ಚು ತಿಳಿ. ಆದರೂ ಬಂದರಿನಿಂದ ದೂರದ ನೀರನ್ನು ಸೋಸಿ, ಪರೀಕ್ಷಿಸಿಯೇ ಬಳಸಬೇಕು. ಇಬ್ಬರಿಗೂ ಸುರಕ್ಷಿತವಾದದ್ದು ತೊಟ್ಟಿಗೆಂದೇ ಸಿಗುವ ಕೃತಕ ಕಡಲುಪ್ಪು: ಲೀಟರಿಗೆ ಸುಮಾರು 35 ಗ್ರಾಂ, ಅಂದರೆ ಮೊದಲ ಬಾರಿಗೆ 24 ಕಿಲೋ. ಅಡಿಗೆಯ ಉಪ್ಪು ಆಗದು. ನೀರು ತುಂಬಿದೊಡನೆ ಮೀನು ಬಿಡಬೇಡಿ. ಹೊಲಸನ್ನು ಜೀರ್ಣಿಸುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಬೇಸಿಗೆಯಲ್ಲಿ ನೀರು 28 ಡಿಗ್ರಿ ಮೀರದಂತೆ ತಂಪುಯಂತ್ರ, ವಿದ್ಯುತ್ತು ಹೋದಾಗ ಬ್ಯಾಟರಿಯ ಗಾಳಿಪಂಪು ಇರಲಿ. ಸಿಪ್ಪೆ ಸಹಿತ ಸಿಗಡಿ, ಕಲ್ಲುಮ್ಮಕಾಯಿ, ಬೊಂಡಾಸು ಕೊಡಿ. ಗಟ್ಟಿಯದನ್ನು ಕಡಿಯುತ್ತಿದ್ದರೆ ಬೆಳೆಯುವ ಹಲ್ಲು ಸವೆಯುತ್ತದೆ.

ಅಲಂಕಾರಕ್ಕೆ ಹವಳ ಮಾತ್ರ ಬೇಡ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿವೆ. ಅಂಗಡಿಯವರು ಕೊಟ್ಟರೂ ಕೊಳ್ಳುವುದು ಅಪರಾಧ.

ಕೊನೆಯದಾಗಿ ನಮ್ಮಂಥ ಪ್ರವಾಸಿ ಕುಟುಂಬಗಳ ಮಾತು. ಬ್ಯಾಂಕು, ಕಛೇರಿಗಳಲ್ಲಿರುವವರಿಗೆ ಮೂರು ವರ್ಷಕ್ಕೊಮ್ಮೆ ಊರು ಬದಲು. ಟ್ರಿಗರ್ ಮೀನು ಚೆನ್ನಾಗಿ ಸಾಕಿದರೆ ಹತ್ತು ವರ್ಷ ಮೀರಿ ಬದುಕುತ್ತದೆ. ಪಾತ್ರೆ ಪಡಗ ಲಾರಿಯಲ್ಲಿ ಹೋದೀತು, ಈ ತೊಟ್ಟಿ ಹೋಗದು. ಆಗ ಮೀನನ್ನು ಹಿನ್ನೀರಿಗೋ ಕಡಲಿಗೋ ಬಿಟ್ಟುಬಿಡೋಣ ಎನ್ನುವುದು ದಯೆಯಂತೆ ಕಂಡರೂ ದಯೆಯಲ್ಲ. ಸಿಹಿಯಾದ ಹಿನ್ನೀರಿನಲ್ಲಿ ಅದು ಸಾಯುತ್ತದೆ. ಕಡಲಿಗೆ ತೊಟ್ಟಿಯ ರೋಗ ಒಯ್ಯುತ್ತದೆ. 2018ರ ಮಹಾಪೂರದಲ್ಲಿ ಸಾಕುಕೊಳಗಳಿಂದ ತಪ್ಪಿಸಿಕೊಂಡ ಅರಪೈಮಾದಂಥ ಪರದೇಶದ ಮೀನುಗಳು ಕೇರಳದ ನದಿಗಳಲ್ಲಿ ಸಿಕ್ಕಿದ್ದು ನೆನಪಿರಬಹುದು. ಅದು ನೆರೆಯ ಕೆಲಸ. ನಾವು ಕೈಯಾರೆ ಮಾಡಬಾರದು. ಮೀನನ್ನು ಮುಂದೆ ಯಾರು ನೋಡಿಕೊಳ್ಳುವರೆಂದು ಕೊಳ್ಳುವ ಮೊದಲೇ ಗೊತ್ತುಮಾಡಿಕೊಳ್ಳಿ. ಈ ಮೀನುಗಳೆಲ್ಲ ಹೆಚ್ಚಾಗಿ ಕಡಲಿನಿಂದಲೇ ಹಿಡಿದು ತಂದವು ಎಂಬುದನ್ನು ಮಕ್ಕಳಿಗೂ ತಿಳಿಸಿ.

ಅಷ್ಟು ಅನುಕೂಲವಿಲ್ಲದವರು ನಿರಾಶರಾಗಬೇಕಿಲ್ಲ. 1947ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಕೊಚ್ಚಿಗೆ ಬಂದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ತನ್ನ ವಿಳಿಂಜದ ಕೇಂದ್ರದಲ್ಲಿ ಕ್ಲೌನ್ ಮೀನಿನ ಮರಿ ಮಾಡಿಸುವ ವಿದ್ಯೆಯನ್ನು ಸಾಧಿಸಿದೆ. ತೊಟ್ಟಿಯಲ್ಲೇ ಹುಟ್ಟಿದ ಅಂಥ ಒಂದು ಜೋಡಿ 150 ಲೀಟರಿನಲ್ಲಿ ಸುಖವಾಗಿರುತ್ತದೆ. ಕಡಲಿಗೆ ನಷ್ಟವಿಲ್ಲ, ಲಾರಿಗೂ ಭಾರವಲ್ಲ. ಹೆಸರು ಒಂದೇ ಎಂದು ಅದನ್ನು ಕ್ಲೌನ್ ಟ್ರಿಗರಿನ ಜೊತೆಗೆ ಮಾತ್ರ ಬಿಡಬೇಡಿ. ಅದು ನೆಂಟಸ್ತಿಕೆಯಲ್ಲ, ಊಟ.