ಯಂತ್ರದ ಬುದ್ಧಿಯೂ ನಾಡಿನ ಸಮೃದ್ಧಿಯೂ

ಕೃತಕ ಬುದ್ಧಿಮತ್ತೆಯನ್ನು ಅಳವಡಿಸಿಕೊಂಡ ರಾಷ್ಟ್ರವು ತಾನಾಗಿಯೇ ಸಂಪನ್ನವಾಗುವುದೆಂಬ ನಂಬಿಕೆ ಇಂದು ವಿದ್ಯಾವಂತರಲ್ಲಿಯೂ ಬೇರೂರುತ್ತಿದೆ. ಇದು ಬರಿಯ ತಪ್ಪು ತಿಳಿವಳಿಕೆಯಲ್ಲ, ಅಪಾಯಕಾರಿಯಾದ ಭ್ರಮೆ.

2024ರ ನೊಬೆಲ್ ಪ್ರಶಸ್ತಿಗಳನ್ನು ವಾಚಕರು ನೆನೆಯಬೇಕು. ಯಂತ್ರಕಲಿಕೆಗೆ ಅಡಿಪಾಯ ಹಾಕಿದ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ ಭೌತಶಾಸ್ತ್ರದ ಪ್ರಶಸ್ತಿ ಸಂದಿತು. ಸಾಮಾಜಿಕ ಸಂಸ್ಥೆಗಳೇ ನಾಡಿನ ಸಮೃದ್ಧಿಯನ್ನು ರೂಪಿಸುತ್ತವೆಂದು ತೋರಿಸಿದ ಡಾರನ್ ಅಸೆಮೊಗ್ಲು, ಸೈಮನ್ ಜಾನ್ಸನ್ ಮತ್ತು ಜೇಮ್ಸ್ ರಾಬಿನ್ಸನ್ ಅವರಿಗೆ ಅರ್ಥಶಾಸ್ತ್ರದ ಪ್ರಶಸ್ತಿ ದೊರೆಯಿತು. ಮೊದಲಿನದರ ಜಯಘೋಷ ಎಲ್ಲೆಡೆ ಮೊಳಗಿತು. ಎರಡನೆಯದರ ಎಚ್ಚರಿಕೆಗೆ ಕಿವಿಗೊಟ್ಟವರು ವಿರಳ. ಹತ್ತು ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯಿಂದ ಅಮೆರಿಕದ ಒಟ್ಟು ಉತ್ಪಾದಕತೆಯಲ್ಲಿ ಆಗುವ ಹೆಚ್ಚಳವು ಶೇಕಡ 1ನ್ನೂ ಮುಟ್ಟಲಾರದೆಂದು ಅದೇ ವರ್ಷ ಅಂದಾಜಿಸಿದವರು ಈ ಅಸೆಮೊಗ್ಲು ಅವರೇ.

ಸುವ್ಯವಸ್ಥಿತವಾದ ಸಿರಿವಂತ ದೇಶಕ್ಕೆ ಯಂತ್ರದಿಂದ ಭಯವಿಲ್ಲವೆನ್ನುವವರು ನೆದರ್ಲೆಂಡ್ಸ್ ದೇಶವನ್ನು ನೋಡಲಿ. ಶಿಶುಪಾಲನಾ ಭತ್ಯೆಯಲ್ಲಿ ವಂಚನೆಯನ್ನು ಹಿಡಿಯಲೆಂದು ಅಲ್ಲಿಯ ತೆರಿಗೆ ಇಲಾಖೆಯು ತಾನಾಗಿ ಕಲಿಯುವ ಗಣಕ ಪದ್ಧತಿಯೊಂದನ್ನು ಬಳಸಿತು. ಡಚ್ ಪೌರತ್ವವಿಲ್ಲದಿರುವುದನ್ನೂ ಅದು ಸಂಶಯದ ಲಕ್ಷಣವಾಗಿ ಎಣಿಸಿತು. ಅಲ್ಪ ದೋಷವಿದ್ದರೂ ಪಡೆದ ಭತ್ಯೆಯನ್ನೆಲ್ಲ ಹಿಂದಿರುಗಿಸಬೇಕೆಂಬ ನಿಷ್ಕರುಣ ನಿಯಮ ಅದಾಗಲೇ ಜಾರಿಯಲ್ಲಿತ್ತು. ನ್ಯಾಯಪೀಠವೂ ವರ್ಷಗಟ್ಟಲೆ ಅದನ್ನೇ ಎತ್ತಿಹಿಡಿಯಿತು. ಸಾವಿರಾರು ಕುಟುಂಬಗಳು ಸಾಲದಲ್ಲಿ ಮುಳುಗಿದವು. ಹೀಗೆ ನೊಂದ ಕುಟುಂಬಗಳ ಸಾವಿರಕ್ಕೂ ಹೆಚ್ಚು ಮಕ್ಕಳು ಮನೆಯಿಂದ ಬೇರ್ಪಟ್ಟರು. ತಾನೇಕೆ ಅಪರಾಧಿಯೆಂದು ಕೇಳಿದ ತಾಯಿಗೆ ಉತ್ತರ ಹೇಳುವವರೇ ಇರಲಿಲ್ಲ. ಕ್ರೌರ್ಯ ನಿಯಮದಲ್ಲಿತ್ತು, ಯಂತ್ರ ಅದಕ್ಕೆ ವೇಗವನ್ನು ಕೊಟ್ಟಿತು. ಕೊನೆಗೆ ಈ ಅನ್ಯಾಯವನ್ನು ಬಯಲಿಗೆಳೆದವರು ನೊಂದ ಪೋಷಕರು, ಪತ್ರಕರ್ತರು ಮತ್ತು ಸಂಸದರು. 2021ರ ಜನವರಿಯಲ್ಲಿ ಮಂತ್ರಿಮಂಡಲವೇ ರಾಜೀನಾಮೆ ಸಲ್ಲಿಸಬೇಕಾಯಿತು.

ಈ ಪ್ರಸಂಗ ಕಲಿಸುವ ಪಾಠ ಸ್ಪಷ್ಟ. ಯಂತ್ರವು ಸಂಸ್ಥೆಯ ಗುಣದೋಷಗಳನ್ನು ಹಿಗ್ಗಿಸುತ್ತದೆಯೇ ಹೊರತು ತಿದ್ದುವುದಿಲ್ಲ. ನ್ಯಾಯವಿದ್ದಲ್ಲಿ ನ್ಯಾಯ ಬೇಗ ಮುಟ್ಟೀತು. ಉದಾಸೀನವಿದ್ದಲ್ಲಿ ಉದಾಸೀನವೇ ಶತಗುಣವಾದೀತು. ಧರ್ಮದರ್ಶಿ ಮಂಡಳಿಗಳನ್ನು ನಡೆಸಿಬಲ್ಲವರಿಗೆ ಇದು ಹೊಸ ಮಾತಲ್ಲ. ಲೆಕ್ಕ ಕೇಳುವವರೂ ಕೊಡುವವರೂ ಇಲ್ಲದ ಕಡೆ ಭಂಡಾರವೆಷ್ಟು ತುಂಬಿದರೂ ಏನು ಪ್ರಯೋಜನ?

ಭಾರತ ಸರ್ಕಾರವು 2024ರ ಮಾರ್ಚ್‌ನಲ್ಲಿ ಕೃತಕ ಬುದ್ಧಿಮತ್ತೆಯ ರಾಷ್ಟ್ರೀಯ ಯೋಜನೆಗೆ ಐದು ವರ್ಷಗಳ ಅವಧಿಗೆಂದು 10,300 ಕೋಟಿ ರೂಪಾಯಿಗೂ ಮಿಗಿಲಾದ ಮೊತ್ತವನ್ನು ಮಂಜೂರು ಮಾಡಿತು. ಹಣ ಸಲ್ಲಲಿ, ಆಕ್ಷೇಪವಿಲ್ಲ. ಆದರೆ ಯಂತ್ರವು ಒಬ್ಬ ವೃದ್ಧೆಯ ಪಿಂಚಣಿಯನ್ನು ನಿರಾಕರಿಸಿದಾಗ ಕಾರಣ ಹೇಳಬೇಕಾದ ಅಧಿಕಾರಿ ಯಾರು? ಆಕೆಯ ಮೇಲ್ಮನವಿಯನ್ನು ಎಷ್ಟು ದಿನಗಳೊಳಗೆ ವಿಚಾರಿಸಬೇಕು? ತಪ್ಪಾದಲ್ಲಿ ನಷ್ಟ ತುಂಬಿಕೊಡುವವರು ಯಾರು? ಈ ಮೂರು ಪ್ರಶ್ನೆಗಳಿಗೆ ಶಾಸನದಲ್ಲಿ ನೇರ ಉತ್ತರವಿರಬೇಕೆಂದು ಪ್ರಜೆಗಳಾದ ನಾವು ಆಗ್ರಹಿಸಬೇಕು. ಏಕೆಂದು ಕೇಳುವ ಹಕ್ಕು ದುರ್ಬಲರಿಗೂ ಇರುವ ನಾಡೇ ಸಮೃದ್ಧ ನಾಡು. ಆ ಹಕ್ಕನ್ನು ಯಾವ ಯಂತ್ರವೂ ನಮಗೆ ಗಳಿಸಿಕೊಡದು.